ಮಳೆಗಾಲದಲ್ಲಿ ಹೊಡೆದ ಲ್ಯಾಕರ್ ಯಾಕೆ ಬೆಳ್ಳಗಾಯಿತು?

ಪ್ರಶ್ನೆ: ನಮ್ಮದು ಕುಂದಾಪುರದ ಹತ್ತಿರ. ಹಳೇ ಮನೆ ಕೆಡವಿದಾಗ ಅಟ್ಟದ ಹೆಬ್ಬಲಸಿನ ಹಲಗೆಗಳು ಸಿಕ್ಕವು. ಅದರಲ್ಲಿ ಫೆಂಡರ್ ಕಂಪನಿಯ ಸ್ಟ್ರಾಟೊಕಾಸ್ಟರ್ (ಸ್ಟ್ರಾಟ್) ಮಾದರಿಯ ಎಲೆಕ್ಟ್ರಿಕ್ ಗಿಟಾರ್ ಮಾಡುತ್ತಿದ್ದೇನೆ. ಬಾಡಿ ಕತ್ತರಿಸಿ, ಉಜ್ಜಿ, ಜುಲೈನಲ್ಲಿ ಕ್ಲಿಯರ್ ಎನ್‌ಸಿ (ನೈಟ್ರೊಸೆಲ್ಯುಲೋಸ್) ಲ್ಯಾಕರ್‌ನ ಸ್ಪ್ರೇ ಕ್ಯಾನ್ ತಂದು ನಾಲ್ಕು ಕೋಟ್ ಹೊಡೆದೆ. ಹತ್ತೇ ನಿಮಿಷದಲ್ಲಿ ಹಾಲು ಚೆಲ್ಲಿದ ಹಾಗೆ ಬೆಳ್ಳಗಾಯಿತು. ಅದರ ಜೊತೆ ಮರದ ಸಣ್ಣ ಸಣ್ಣ ಗೀರುಗಳೂ ಎದ್ದು ಕಾಣುತ್ತಿವೆ. ಎಲ್ಲಾ ಉಜ್ಜಿ ತೆಗೆಯಬೇಕಾ ಸರ್? ನೆಕ್, ಅಂದರೆ ಗಿಟಾರಿನ ಉದ್ದನೆಯ ಕುತ್ತಿಗೆ, ಕೂಡ ಇದೇ ಹಲಗೆಯಲ್ಲಿ ಮಾಡಬಹುದಾ? ಅಂಗಡಿ ಗಿಟಾರಿನ ಹಾಗೆ ಕನ್ನಡಿ ಹೊಳಪು ಬರಬೇಕು ಅಂದ್ರೆ ಏನು ಮಾಡಬೇಕು? ಅಪ್ಪ ಅಂತೂ ‘ಇಷ್ಟೆಲ್ಲಾ ಯಾಕೆ, ಒಂದು ತಗೊಂಡ್ರೆ ಆಯ್ತಲ್ಲ’ ಅಂತಾರೆ.

ಉತ್ತರ: ಮೊದಲು ಕೈಯಲ್ಲಿರುವ ಸ್ಯಾಂಡ್‌ಪೇಪರ್ ಕೆಳಗಿಡಿ. ಸದ್ಯಕ್ಕೆ ಉಜ್ಜುವುದೇನೂ ಬೇಡ. ಆ ಬಿಳುಪು ಮರದ ದೋಷವಲ್ಲ, ಲ್ಯಾಕರ್ ಹಳೆಯದಾಗಿದ್ದೂ ಅಲ್ಲ. ಅದು ನೀರು. ಕುಂದಾಪುರದ ಜುಲೈ ಗಾಳಿಯಲ್ಲಿದ್ದ ನೀರು.

ಇಂಜೆಕ್ಷನ್ ಕೊಡುವ ಮುಂಚೆ ನರ್ಸ್ ತೋಳಿಗೆ ಸ್ಪಿರಿಟ್ ಸವರುತ್ತಾರಲ್ಲ, ಆ ಜಾಗ ಒಮ್ಮೆಲೇ ತಣ್ಣಗಾಗುತ್ತದೆ. ಲ್ಯಾಕರ್‌ನಲ್ಲಿರುವ ಥಿನ್ನರ್ ಕೂಡ ಹಾಗೇ ಸರಸರನೆ ಆರುತ್ತದೆ, ಆರುವಾಗ ಮೇಲ್ಮೈಯ ಶಾಖವನ್ನೂ ಎಳೆದುಕೊಂಡು ಹೋಗುತ್ತದೆ. ತಣ್ಣಗಾದ ಜಾಗದ ಮೇಲೆ ಗಾಳಿಯ ತೇವ ಬಂದು ಕೂರುತ್ತದೆ. ಫ್ರಿಜ್‌ನಿಂದ ತೆಗೆದ ಚೊಂಬು ಬೆವರುತ್ತದಲ್ಲ, ಅದೇ ಕಥೆ. ಅಷ್ಟರಲ್ಲಿ ಲ್ಯಾಕರ್ ಗಟ್ಟಿಯಾಗಿ ಆ ಹನಿಗಳು ಒಳಗೇ ಸಿಕ್ಕಿಬೀಳುತ್ತವೆ. ನೀವು ನೋಡಿದ ಹಾಲಿನ ಬಣ್ಣ ಅದರದ್ದು. ಸ್ಪ್ರೇ ಕ್ಯಾನ್‌ನಲ್ಲಿ ಈ ಕಾಟ ಇನ್ನೂ ಜಾಸ್ತಿ, ಯಾಕಂದ್ರೆ ಒಳಗಿನ ಗ್ಯಾಸ್ ಹೊರಗೆ ಬರುವಾಗಲೇ ತಣ್ಣಗಿರುತ್ತದೆ. ಕ್ಯಾನ್ ಹಿಡಿದ ಕೈ ಜುಮ್ಮೆಂದದ್ದು ನಿಮಗೂ ನೆನಪಿರಬೇಕು.

ಇದಕ್ಕೆ ಮದ್ದು ಸುಲಭ. ಪೇಂಟ್ ಅಂಗಡಿಯಲ್ಲಿ ರಿಟಾರ್ಡರ್ ಕೇಳಿ. ಕೆಲವರು ಅದನ್ನೇ ಆ್ಯಂಟಿ-ಬ್ಲಶ್ ಥಿನ್ನರ್ ಅನ್ನುತ್ತಾರೆ. ಅದು ನಿಧಾನವಾಗಿ ಆರುವ ಥಿನ್ನರ್. ಎನ್‌ಸಿ ಥಿನ್ನರ್‌ಗೆ ಸ್ವಲ್ಪ ಇದನ್ನು ಬೆರೆಸಿ, ಮಳೆ ಬಿಟ್ಟು ಒಳ್ಳೆ ಬಿಸಿಲು ಬಿದ್ದ ದಿನ, ಬಾಡಿಯ ಮೇಲೆ ಮಂಜಿನ ಹಾಗೆ ತೆಳ್ಳಗೆ ಒಂದು ಸಲ ಹೊಡೆಯಿರಿ. ಲ್ಯಾಕರ್ ಮತ್ತೆ ಮೆತ್ತಗಾಗಿ ಬಾಯಿ ಬಿಡುತ್ತದೆ, ನೀರು ಹೊರಟುಹೋಗುತ್ತದೆ. ಕಣ್ಣೆದುರೇ ಬಿಳುಪು ಕರಗಿ ಕೆಳಗಿನ ಹೆಬ್ಬಲಸಿನ ಕಂದು ಬಣ್ಣ ಮೇಲೆ ಬರುತ್ತದೆ. ನಾನು ಎಷ್ಟೋ ಸಲ ನೋಡಿದ್ದೇನೆ, ಈಗಲೂ ನೋಡೋಕೆ ಖುಷಿ. ಇಷ್ಟು ವರ್ಷವಾದರೂ ಎನ್‌ಸಿ ಲ್ಯಾಕರ್ ಮೇಲೆ ನನಗಿರುವ ಪ್ರೀತಿಗೆ ಕಾರಣವೇ ಇದು: ತಪ್ಪು ಮಾಡಿದರೆ ವಾಪಸ್ ಹೋಗಲು ದಾರಿ ಇಟ್ಟಿರುತ್ತದೆ.

ಸ್ಪ್ರೇ ಗನ್ ಇಲ್ಲದಿದ್ದರೆ ಹತ್ತಿರದ ಕಾರ್ ಪೇಂಟಿಂಗ್ ಗ್ಯಾರೇಜಿಗೆ ಹೋಗಿ. ಕಂಪ್ರೆಸರ್ ಇರುತ್ತದೆ, ಅವರ ಕೈಯೂ ಪಳಗಿರುತ್ತದೆ. ಗಿಟಾರ್ ತಗೊಂಡು ಗ್ಯಾರೇಜಿಗಾ ಅಂತ ನಾಚಿಕೆ ಬೇಡ. 1950-60ರ ದಶಕದಲ್ಲಿ ಫೆಂಡರ್ ಕಂಪನಿ ತನ್ನ ಗಿಟಾರ್‌ಗಳಿಗೆ ಬಳಿದ ವಿಶೇಷ ಬಣ್ಣಗಳು ಡುಪಾಂಟ್‌ನ ಕಾರು ಬಣ್ಣಗಳೇ. ಇವತ್ತು ಜನ ಲಕ್ಷಗಟ್ಟಲೆ ಕೊಟ್ಟು ಹುಡುಕುವ ಫಿಯೆಸ್ಟಾ ರೆಡ್ ಮೊದಲು ಫೋರ್ಡ್ ಕಾರಿನ ಮೇಲಿತ್ತು.

ಇನ್ನು ಮುಂದೆ ಲ್ಯಾಕರ್ ಹೊಡೆಯುವ ಮುಂಚೆ ಗಾಳಿಯ ತೇವ ನೋಡಿಕೊಳ್ಳಿ. ಅಂಗೈ ಅಗಲದ ಡಿಜಿಟಲ್ ಮೀಟರ್ ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆ. ಅದು 65 ಪರ್ಸೆಂಟ್‌ಗಿಂತ ಮೇಲೆ ತೋರಿಸಿದರೆ ನಾನು ಗನ್ ಮುಟ್ಟುವುದಿಲ್ಲ. ನಿಮ್ಮ ಕಡೆ ಜುಲೈನಲ್ಲಿ 90ರ ಹತ್ತಿರ ಇರುತ್ತದೆ. ಅಂದರೆ ನವೆಂಬರ್‌ವರೆಗೆ ಕಾಯಬೇಕು. ಬೇಜಾರಾಗಬೇಡಿ, ಅಷ್ಟರಲ್ಲಿ ಮಾಡುವ ಕೆಲಸ ಬೇಕಾದಷ್ಟಿದೆ.

ಯಾಕಂದ್ರೆ ನೀರಿನ ವಿಷಯ ಈ ಬಿಳುಪಿಗೇ ಮುಗಿಯುವುದಿಲ್ಲ. ನಿಮ್ಮ ಹಲಗೆಯ ಒಳಗೂ ನೀರಿದೆ. ‘ನೂರು ವರ್ಷದ ಮರ ಸರ್, ಪೂರ್ತಿ ಒಣಗಿದೆ’ ಅಂತ ತುಂಬಾ ಜನ ಹೇಳುತ್ತಾರೆ. ಮರ ಒಮ್ಮೆ ಒಣಗಿದರೆ ಒಣಗಿಯೇ ಇರುವುದಿಲ್ಲ. ಸುತ್ತಲಿನ ಗಾಳಿ ಹೇಗಿದೆಯೋ ಹಾಗೆ ತೇವ ಕುಡಿಯುತ್ತದೆ, ಬಿಡುತ್ತದೆ. ಮಳೆಗಾಲದ ಕರಾವಳಿಯಲ್ಲಿ ಅದೇ ನೂರು ವರ್ಷದ ಹಲಗೆಯಲ್ಲಿ 16-18 ಪರ್ಸೆಂಟ್ ತೇವ ಇರಬಹುದು. ಮಾರ್ಚ್ ತಿಂಗಳ ಬೆಂಗಳೂರಿನಲ್ಲಿ ಅದು 8ಕ್ಕೂ ಇಳಿಯಬಹುದು. ತೇವ ಇಳಿದ ಹಾಗೆ ಮರ ಅಡ್ಡಕ್ಕೆ ಕುಗ್ಗುತ್ತದೆ, ಉದ್ದಕ್ಕೆ ಹೆಚ್ಚೇನೂ ಕುಗ್ಗುವುದಿಲ್ಲ. ಗಿಟಾರ್ ಬಾಡಿಯಷ್ಟು ಅಗಲದಲ್ಲಿ ಒಂದೆರಡು ಮಿಲಿಮೀಟರ್ ಹೋದರೂ ಆಶ್ಚರ್ಯ ಇಲ್ಲ.

ನನ್ನ ಮೊದಲ ಗಿಟಾರ್ ಹೀಗೇ ಆಯಿತು. ಎರಡು ಹಲಗೆ ಅಂಟಿಸಿ ಬಾಡಿ ಮಾಡಿದ್ದೆ. ಮಾಡಿದ್ದು ಆಗಸ್ಟ್‌ನಲ್ಲಿ. ದೀಪಾವಳಿ ಹೊತ್ತಿಗೆ ಮುಖ ಕಾಣುವಷ್ಟು ಹೊಳಪು. ಮಾರ್ಚ್‌ನಲ್ಲಿ ಒಂದು ದಿನ ಬಟ್ಟೆಯಿಂದ ಒರೆಸುವಾಗ ಬೆರಳಿಗೆ ಏನೋ ತಾಗಿತು. ಮಧ್ಯದ ಜಾಯಿಂಟ್ ಉದ್ದಕ್ಕೂ ಕೂದಲೆಳೆಯಷ್ಟು ಏಣು. ಅಂಟು ಬಿಟ್ಟಿರಲಿಲ್ಲ, ಎರಡು ಕಡೆಯ ಮರ ಬೇರೆ ಬೇರೆ ಕುಗ್ಗಿತ್ತು. ಆ ಗೆರೆ ಈಗಲೂ ಇದೆ. ಕೆಲಸ ಕಲಿಯಲು ಬರುವ ಹುಡುಗರಿಗೆ ಮೊದಲು ಅದರ ಮೇಲೆ ಬೆರಳು ಆಡಿಸಲು ಹೇಳುತ್ತೇನೆ.

ಆದ್ದರಿಂದ ಬಾಡಿಯನ್ನೂ, ನೆಕ್‌ಗೆ ಇಟ್ಟುಕೊಂಡ ತುಂಡನ್ನೂ ಮನೆಯೊಳಗೆ ಗಾಳಿ ಆಡುವ ಜಾಗದಲ್ಲಿ ಇಡಿ. ಸಿಮೆಂಟ್ ನೆಲಕ್ಕೆ ತಾಗಿಸಬೇಡಿ, ಗೋಡೆಗೆ ಒರಗಿಸಬೇಡಿ, ಕೆಳಗೆ ಎರಡು ರೀಪು ಕೊಡಿ. ಬಿಸಿಲಿಗೂ ಬೇಡ, ಬಚ್ಚಲು ಒಲೆಯ ಹತ್ತಿರವೂ ಬೇಡ, ಸೀಳು ಬಿಡುತ್ತದೆ. ಭಾನುವಾರಕ್ಕೊಮ್ಮೆ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕ-ತಾರೀಕು ಪೆನ್ಸಿಲ್‌ನಲ್ಲಿ ಬರೆದಿಡಿ. ಹೆಬ್ಬಲಸಿನ ಬಾಡಿ ಎರಡೂವರೆ ಕೆಜಿ ಹತ್ತಿರ ಬರಬೇಕು. ತೇವ ಎರಡು ಪರ್ಸೆಂಟ್ ಇಳಿದರೆ ತೂಕದಲ್ಲಿ 40-45 ಗ್ರಾಂ ಇಳಿಯುತ್ತದೆ, ಮನೆ ತಕ್ಕಡಿಯಲ್ಲೇ ಗೊತ್ತಾಗುವಷ್ಟು. ಮಳೆ ಮುಗಿದ ಮೇಲೆ ಮೂರು ವಾರ ತೂಕ ಅಲ್ಲಾಡದೆ ನಿಂತಿತು ಅಂದರೆ ಮರ ಸಿದ್ಧ. ಮಾಯಿಶ್ಚರ್ ಮೀಟರ್ ಇದ್ದರೆ 10-12 ಪರ್ಸೆಂಟ್ ತೋರಿಸಲಿ. ಇಲ್ಲದಿದ್ದರೆ ತಕ್ಕಡಿಯೇ ಸಾಕು.

ಹೆಬ್ಬಲಸು ಗಿಟಾರಿಗೆ ಆಗುತ್ತದಾ ಅಂತ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಆಗುತ್ತದೆ. ನಿಮ್ಮ ಕಡೆ ದೋಣಿಗೂ ಮನೆಗೂ ಬಳಸಿದ ಮರ ಅದು, ಅದರ ಹತ್ತಿರದ ನೆಂಟ ಹಲಸಿನಲ್ಲಿ ವೀಣೆ ಮಾಡುತ್ತಾರೆ. ಅಮೆರಿಕದ ಗಿಟಾರ್‌ಗಳ ಆಲ್ಡರ್ ಮರಕ್ಕಿಂತ ಭಾರ, ಅಷ್ಟೇ. ಹೆಗಲು ನೋಯುತ್ತದೆ ಅನಿಸಿದರೆ ಪಿಕ್‌ಗಾರ್ಡ್ ಮುಚ್ಚುವ ಜಾಗದಲ್ಲಿ ಇನ್ನಷ್ಟು ತೋಡಿ ತೂಕ ಇಳಿಸಬಹುದು. ಇಂಥ ಮರಕ್ಕೆ ಇಂಥ ಸ್ವರ ಅಂತ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಗಟ್ಟಿ ಬಾಡಿಯ ಎಲೆಕ್ಟ್ರಿಕ್ ಗಿಟಾರಿನಲ್ಲಿ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತ ಮಾಡುವ ಭಾಗ), ತಂತಿ ಮತ್ತು ಸೆಟಪ್ ಮಾಡುವಷ್ಟು ವ್ಯತ್ಯಾಸ ಮರ ಮಾಡುವುದಿಲ್ಲ ಎಂಬುದು ನನ್ನ ಅಭಿಪ್ರಾಯ. ಮೊಳೆ ಮುರಿದು ಒಳಗೆ ಉಳಿದಿದೆಯಾ ಅಂತ ಮಾತ್ರ ಅಯಸ್ಕಾಂತ ಆಡಿಸಿ ನೋಡಿ. ಒಂದು ಮೊಳೆ ಸಾಕು, ಮರ ತೋಡುವ ರೂಟರ್ ಯಂತ್ರದ ಬಿಟ್ ಹೋಯಿತು.

ಹುಳ ತಿಂದ ತೂತು ಇದ್ದರೂ ತಲೆ ಕೆಡಿಸಿಕೊಳ್ಳಬೇಡಿ, ಹುಳ ಈಗ ಜೀವಂತ ಇಲ್ಲದಿದ್ದರೆ ಸಾಕು. ಇಂಗ್ಲೆಂಡಿನ ಕ್ವೀನ್ ರಾಕ್ ತಂಡದ ಗಿಟಾರ್ ವಾದಕ ಬ್ರಯಾನ್ ಮೇ 1963ರಲ್ಲಿ, ಹದಿನಾರರ ಹುಡುಗನಾಗಿದ್ದಾಗ, ಅಪ್ಪನ ಜೊತೆ ಸೇರಿ ಮನೆಯಲ್ಲೇ ಗಿಟಾರ್ ಮಾಡಲು ಕೂತ. ನೆಕ್‌ಗೆ ಬಳಸಿದ್ದು ಹಳೇ ಬೆಂಕಿಗೂಡಿನ ಚೌಕಟ್ಟಿನ ಮಹಾಗನಿ. ಅದರಲ್ಲಿದ್ದ ಹುಳದ ತೂತುಗಳಿಗೆ ಬೆಂಕಿಕಡ್ಡಿ ತುರುಕಿ ಮುಚ್ಚಿದರು. ಫ್ರೆಟ್‌ಬೋರ್ಡಿನ, ಅಂದರೆ ನೆಕ್ ಮೇಲೆ ಬೆರಳು ಒತ್ತುವ ಪಟ್ಟಿಯ, ಚುಕ್ಕಿಗಳು ಅಮ್ಮನ ಹೊಲಿಗೆ ಡಬ್ಬಿಯಲ್ಲಿದ್ದ ಮುತ್ತಿನ ಚಿಪ್ಪಿನ ಗುಂಡಿಗಳು. ಸುಮಾರು ಎರಡು ವರ್ಷ ಹಿಡಿಯಿತು. ಆಮೇಲೆ ಇಷ್ಟು ವರ್ಷವೂ ಹೆಚ್ಚಾಗಿ ಅದನ್ನೇ ನುಡಿಸುತ್ತಾ ಬಂದ. ನಿಮ್ಮ ಅಪ್ಪನಿಗೆ ಇದೊಂದನ್ನು ಹೇಳಿ ನೋಡಿ.

ಈಗ ನೆಕ್. ಇಲ್ಲಿ ಸ್ವಲ್ಪ ಖಾರವಾಗಿಯೇ ಹೇಳುತ್ತೇನೆ: ಮೊದಲ ಗಿಟಾರಿಗೆ ನೆಕ್ ಕೊಂಡುಬಿಡಿ. ಬಾಡಿ ಎರಡು ಮಿಲಿಮೀಟರ್ ಆಚೀಚೆ ಆದರೆ ಯಾರಿಗೂ ಗೊತ್ತಾಗುವುದಿಲ್ಲ. ನೆಕ್‌ನಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೆ ಗಿಟಾರ್ ಜೀವಮಾನವಿಡೀ ಅಪಸ್ವರ. ತೆಳು ತಂತಿಗಳ ಒಂದು ಸೆಟ್ ಶ್ರುತಿಗೆ ಬಂದಾಗ ನೆಕ್ ಮೇಲೆ ಸುಮಾರು 45 ಕೆಜಿ ಎಳೆತ ಬೀಳುತ್ತದೆ. ಹೆಚ್ಚುಕಮ್ಮಿ ಒಂದು ಮೂಟೆ ಸಿಮೆಂಟ್ ಹಗಲು ರಾತ್ರಿ ನೇತಾಡಿದ ಹಾಗೆ.

ಇಲ್ಲ, ನಾನೇ ಮಾಡಬೇಕು ಅಂದರೆ ಹಲಗೆಯ ತುದಿ ನೋಡಿ. ಗೆರೆಗಳು ನೆಟ್ಟಗೆ ನಿಂತಿವೆಯೋ, ಅಡ್ಡ ಮಲಗಿವೆಯೋ? ಅಟ್ಟದ ಹಲಗೆಗಳಲ್ಲಿ ಸಾಮಾನ್ಯವಾಗಿ ಮಲಗಿರುತ್ತವೆ. ಹಾಗೇ ನೆಕ್ ಮಾಡಿದರೆ ತಿರುಚಿಕೊಳ್ಳುವ ಸಾಧ್ಯತೆ ಜಾಸ್ತಿ. ಅದಕ್ಕೆ ಹಲಗೆಯನ್ನು ಉದ್ದಕ್ಕೆ ಪಟ್ಟಿಗಳಾಗಿ ಸೀಳಿಸಿ, ಒಂದೊಂದನ್ನೂ ಮಗ್ಗುಲಿಗೆ ತಿರುಗಿಸಿ ನಿಲ್ಲಿಸಿ, ನಡುವೆ ತೇಗದ ತೆಳು ಪಟ್ಟಿ ಇಟ್ಟು ಅಂಟಿಸಿ. ಈಗ ಗೆರೆಗಳು ನೆಟ್ಟಗಾದವು. ಮೂರು ಪಟ್ಟಿ ಒಂದನ್ನೊಂದು ಹಿಡಿದುಕೊಳ್ಳುತ್ತವೆ. ತೇಗದಲ್ಲಿ ಎಣ್ಣೆ ಇರುತ್ತದೆ, ಅಂಟು ಹಚ್ಚುವ ಮುಂಚೆ ಅಸಿಟೋನ್‌ನಿಂದ ಒರೆಸುವುದು ಮರೆಯಬೇಡಿ. ಒಳಗೆ ಟ್ರಸ್ ರಾಡ್ ಬೇಕೇ ಬೇಕು. ತಂತಿ ಎಳೆದಷ್ಟಕ್ಕೆ ಎದುರಾಗಿ ನೆಕ್ಕನ್ನು ಬಗ್ಗಿಸುವ ಕಬ್ಬಿಣದ ಸರಳು ಅದು, ಗಿಬ್ಸನ್ ಕಂಪನಿ 1920ರ ದಶಕದಲ್ಲಿ ರೂಢಿಗೆ ತಂದದ್ದು. ರಾಡ್ ಕೈಗೆ ಬಂದ ಮೇಲೆ ಅಳೆದು ಅದು ಕೂರುವ ಗಾಡಿ (ಉದ್ದನೆಯ ತೋಡು) ತೋಡಿ, ನೆಟ್‌ನಲ್ಲಿ ನೋಡಿದ ಅಳತೆ ನಂಬಿ ತೋಡಬೇಡಿ.

ಫ್ರೆಟ್‌ಬೋರ್ಡಿಗೆ ನಮ್ಮ ಬೀಟೆಗಿಂತ ಒಳ್ಳೆಯದು ನನಗೆ ಗೊತ್ತಿಲ್ಲ. 1960ರ ದಶಕದ ಕೊನೆಗೆ ಬ್ರೆಜಿಲ್‌ನ ಬೀಟೆ ದಿಮ್ಮಿ ಸಿಗುವುದು ಕಷ್ಟವಾದಾಗ ಮಾರ್ಟಿನ್‌ನಂಥ ಅಮೆರಿಕದ ಗಿಟಾರ್ ಕಂಪನಿಗಳು ತಿರುಗಿದ್ದೇ ಭಾರತದ ಬೀಟೆ ಕಡೆಗೆ. 2017ರ ಜನವರಿಯಿಂದ ಇಡೀ ಬೀಟೆ ಜಾತಿಯ ಮರಗಳ ಅಂತರರಾಷ್ಟ್ರೀಯ ವ್ಯಾಪಾರ ಸೈಟಿಸ್ (ಅಪಾಯದಲ್ಲಿರುವ ಸಸ್ಯ-ಪ್ರಾಣಿಗಳ ವ್ಯಾಪಾರದ ಅಂತರರಾಷ್ಟ್ರೀಯ ಒಪ್ಪಂದ) ನಿಯಮದ ಕೆಳಗೆ ಬಂತು. ಫೆಂಡರ್ ತನ್ನ ಮೆಕ್ಸಿಕೊ ಗಿಟಾರ್‌ಗಳಿಗೆ ಬೇರೆ ಮರ ಹಾಕತೊಡಗಿತು. 2019ರ ನವೆಂಬರ್‌ನಿಂದ ಮುಗಿದ ವಾದ್ಯಗಳಿಗೆ ಆ ನಿಯಮದಿಂದ ವಿನಾಯಿತಿ ಸಿಕ್ಕಿತು. ನೀವು ಬೀಟೆ ತಗೊಳ್ಳುವುದಾದರೆ ಬಿಲ್ ಕೊಡುವ ಡಿಪೋ ಅಥವಾ ಸಾಮಿಲ್‌ನಿಂದಲೇ ತಗೊಳ್ಳಿ, ಬಿಲ್ ಜೋಪಾನ ಮಾಡಿ. ಬೀಟೆಯೂ ಎಣ್ಣೆ ಮರವೇ, ಅಂಟಿಸುವ ಮುಂಚೆ ಇದಕ್ಕೂ ಅಸಿಟೋನ್. ಅದರ ಧೂಳು ಕೆಲವರಿಗೆ ಚರ್ಮ ತುರಿಕೆ ತರುತ್ತದೆ, ಮಾಸ್ಕ್ ಹಾಕಿಕೊಳ್ಳಿ.

ಫ್ರೆಟ್, ಅಂದರೆ ಫ್ರೆಟ್‌ಬೋರ್ಡಿಗೆ ಅಡ್ಡ ಕೂರುವ ಲೋಹದ ಪಟ್ಟಿಗಳ, ಲೆಕ್ಕ ಕಷ್ಟವಲ್ಲ. ಸ್ಟ್ರಾಟ್ ಅಳತೆಯಲ್ಲಿ ನಟ್‌ನಿಂದ, ಅಂದರೆ ತಂತಿ ಹಾದುಬರುವ ಮೇಲಿನ ಪಟ್ಟಿಯಿಂದ, ಬ್ರಿಡ್ಜ್‌ಗೆ, ಅಂದರೆ ಬಾಡಿ ಮೇಲೆ ತಂತಿ ಕೂರುವ ಲೋಹದ ಭಾಗಕ್ಕೆ, 648 ಮಿಮೀ. ಅದನ್ನು 17.817ರಿಂದ ಭಾಗಿಸಿ: 36.37. ಮೊದಲ ಫ್ರೆಟ್ ಅಲ್ಲಿ. ಉಳಿದ 611.63ನ್ನು ಮತ್ತೆ 17.817ರಿಂದ ಭಾಗಿಸಿ: 34.33. ಎರಡನೆಯದು ನಟ್‌ನಿಂದ 70.70. ಹೀಗೇ ಹೋದರೆ ಹನ್ನೆರಡನೇ ಫ್ರೆಟ್ ಸರಿಯಾಗಿ ಅರ್ಧಕ್ಕೆ, 324ಕ್ಕೆ ಬಂದು ಬೀಳಬೇಕು. ಬೀಳದಿದ್ದರೆ ಎಲ್ಲೋ ತಪ್ಪಿದ್ದೀರಿ. ಗುರುತು ಹಾಕುವಾಗ ಒಂದು ಫ್ರೆಟ್‌ನಿಂದ ಇನ್ನೊಂದಕ್ಕೆ ಅಳೆಯಬೇಡಿ, ಎಲ್ಲವನ್ನೂ ನಟ್‌ನಿಂದಲೇ ಅಳೆಯಿರಿ. ಇಲ್ಲದಿದ್ದರೆ ಪೆನ್ಸಿಲ್ ಗೆರೆಯ ದಪ್ಪವೇ ಇಪ್ಪತ್ತೆರಡು ಸಲ ಸೇರಿ ದೊಡ್ಡ ತಪ್ಪಾಗುತ್ತದೆ. ಗಾಡಿಯ ಅಗಲ 0.6 ಮಿಮೀ ಒಳಗಿರಬೇಕು, ಮಾಮೂಲಿ ಗರಗಸ ಆಗುವುದಿಲ್ಲ. ಗಾಡಿ ಕೊಯ್ದ ಫ್ರೆಟ್‌ಬೋರ್ಡೇ ಸಿಗುತ್ತದೆ, ಮೊದಲ ಸಲಕ್ಕೆ ಅದನ್ನು ತಗೊಂಡರೆ ಮಾನ ಹೋಗುವುದಿಲ್ಲ.

ಫ್ರೆಟ್ ಬಡಿಯುವಾಗ ಕಿವಿ ಕೊಡಿ. ಮೊದಲು ಎರಡು ತುದಿ, ಆಮೇಲೆ ನಡು. ಪ್ಲಾಸ್ಟಿಕ್ ಸುತ್ತಿಗೆ ಬೀಳುವಾಗ ಮೊದಮೊದಲು ‘ಟಪ್ ಟಪ್’ ಅಂತ ಪೊಳ್ಳು ಸದ್ದು ಬರುತ್ತದೆ. ಫ್ರೆಟ್ ಪೂರ್ತಿ ಕೂತ ಕ್ಷಣ ಅದು ‘ಟಕ್’ ಅನ್ನುತ್ತದೆ, ಕಲ್ಲಿಗೆ ಬಡಿದ ಹಾಗೆ. ಅಲ್ಲಿಗೆ ನಿಲ್ಲಿಸಿ. ಇನ್ನೊಂದು ಏಟು ಹಾಕಿದರೆ ತುದಿ ಮೇಲೆದ್ದು ಬರುತ್ತದೆ.

ನೆಕ್ ಕೊಂಡದ್ದಾಗಲಿ, ಮಾಡಿದ್ದಾಗಲಿ, ಇನ್ನೊಂದು ಕೋಟ್ ಲ್ಯಾಕರ್ ಹೊಡೆಯುವ ಮುಂಚೆ ಇಡೀ ಗಿಟಾರನ್ನು ಒಮ್ಮೆ ಕಟ್ಟಿ ನೋಡಿ. ನಿಮ್ಮ ಪತ್ರದಲ್ಲಿ ಬ್ರಿಡ್ಜ್ ತೂತಿನ ಮಾತೇ ಇಲ್ಲ, ಅದು ನೋಡಿ ನನಗೆ ಭಯವಾಯಿತು. ಎಲ್ಲಾ ತೂತು, ಎಲ್ಲಾ ಗಾಡಿ, ಫಿನಿಷ್‌ಗೆ ಮುಂಚೆ ಆಗಬೇಕು. ಹೊಳಪು ಬಂದ ಮೇಲೆ ಡ್ರಿಲ್ ಇಟ್ಟರೆ ಲ್ಯಾಕರ್ ಚಕ್ಕೆ ಏಳುತ್ತದೆ.

ನೆಕ್ ಹಿಮ್ಮಡಿ 25 ಮಿಮೀ ದಪ್ಪ ಇದ್ದರೆ ಬಾಡಿಯಲ್ಲಿ ಅದು ಕೂರುವ ಗುಳಿ, ಅಂದರೆ ಪಾಕೆಟ್, 16 ಮಿಮೀ ಆಳ. ನೆಕ್ ಕೂರಿಸಿ ಬಾಡಿ ಎತ್ತಿ ಹಿಡಿದರೆ ಸ್ಕ್ರೂ ಇಲ್ಲದೆಯೂ ಬೀಳಬಾರದು, ಅಷ್ಟು ಬಿಗಿ. ಈಗ ಹೊಲಿಗೆ ದಾರ ತಗೊಳ್ಳಿ. ಬ್ರಿಡ್ಜನ್ನು ಬಾಡಿ ಮೇಲೆ ಸುಮ್ನೆ ಇಡಿ, ಸ್ಕ್ರೂ ಬೇಡ. ಎರಡು ಹೊರಗಿನ ತಂತಿಗಳ ಜಾಗದಲ್ಲಿ ನಟ್‌ನಿಂದ ಬ್ರಿಡ್ಜ್‌ವರೆಗೆ ದಾರ ಎಳೆದು ಟೇಪ್ ಹಾಕಿ. ಕೊನೆಯ ಫ್ರೆಟ್ ಹತ್ತಿರ ಎರಡೂ ದಾರಗಳಿಂದ ಫ್ರೆಟ್‌ಬೋರ್ಡಿನ ಅಂಚಿಗೆ ಸಮನಾದ ಜಾಗ ಉಳಿಯಬೇಕು. ಒಂದು ಕಡೆ 4, ಇನ್ನೊಂದು ಕಡೆ 2 ಬಂದರೆ ಬ್ರಿಡ್ಜನ್ನು 4 ಇರುವ ಕಡೆಗೆ ಸರಿಸಿ. ಸರಿಬಂದ ಮೇಲೆ, ತೆಳು ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ಸಣ್ಣ ತುಂಡು) ಪೂರ್ತಿ ಮುಂದಕ್ಕೆ ಇದ್ದಾಗ ನಟ್‌ನಿಂದ 648 ಬರುವ ಹಾಗೆ ಇಟ್ಟು ಗುರುತು ಹಾಕಿ. ದಪ್ಪ ತಂತಿಗೆ ಮೂರು-ನಾಲ್ಕು ಮಿಮೀ ಹಿಂದಕ್ಕೆ ಹೋಗಲು ಜಾಗ ಬೇಕು, ಅದಕ್ಕೇ ಸ್ಯಾಡಲ್ ಮುಂದಿಟ್ಟು ಅಳೆಯುವುದು. ಇದೆಲ್ಲಾ ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ಉಳಿಸಲು ಹೋಗಿ ನಾನೊಮ್ಮೆ ಬ್ರಿಡ್ಜನ್ನು ಆರು ಮಿಮೀ ಆಚೆ ಕೂರಿಸಿದ್ದೆ. ತೂತು ಮುಚ್ಚಿ, ಮತ್ತೆ ಕೊರೆದು, ಅದನ್ನು ಮರೆಮಾಡಲು ಇಡೀ ಬಾಡಿಗೆ ಕಪ್ಪು ಬಣ್ಣ ಬಳಿದೆ. ಅಂಥ ಕಪ್ಪು ಗಿಟಾರ್ ಎಲ್ಲರ ಮನೆಯಲ್ಲೂ ಒಂದಿರುತ್ತದೆ.

ವೈರಿಂಗ್ ಬಗ್ಗೆ ಹೆಚ್ಚು ಹೇಳುವುದಿಲ್ಲ. ಸಿಂಗಲ್ ಕಾಯಿಲ್ ಪಿಕಪ್‌ಗೆ 250ಕೆ ಪಾಟ್ (ಸದ್ದು ಹೆಚ್ಚು-ಕಡಿಮೆ ಮಾಡಲು ತಿರುಗಿಸುವ ಭಾಗ), ಎರಡು ಕಾಯಿಲ್‌ನ ಹಂಬಕರ್ ಪಿಕಪ್‌ಗೆ 500ಕೆ. ಗುಳಿಗಳ ಒಳಗೆ ತಾಮ್ರದ ಟೇಪ್ ಅಂಟಿಸಿ. ಬ್ರಿಡ್ಜ್‌ಗೆ ಅರ್ಥ್ ವೈರ್ ಎಳೆಯಲು ಸಣ್ಣ ತೂತು ಈಗಲೇ ಕೊರೆದುಕೊಳ್ಳಿ. ತೊಂಬತ್ತು ಭಾಗ ಜನ ಮರೆಯುವುದು ಅದನ್ನೇ.

ಈಗ ನೀವು ಕಾಯುತ್ತಿದ್ದ ಹೊಳಪಿಗೆ ಬರೋಣ. ನಿಮಗೆ ಕಾಣುತ್ತಿರುವ ಸಣ್ಣ ಗೀರುಗಳು ಮರದ ರಂಧ್ರಗಳು. ಹೆಬ್ಬಲಸು, ತೇಗ, ಮಹಾಗನಿ ಎಲ್ಲವೂ ಬಾಯಿ ತೆರೆದ ಮರಗಳು. ಅವನ್ನು ತುಂಬದೆ ಎಷ್ಟು ಲ್ಯಾಕರ್ ಹೊಡೆದರೂ ಒಣಗಿದ ಹಾಗೆ ಒಳಗೆ ಇಳಿದು ಗೀರು ಮತ್ತೆ ಕಾಣುತ್ತದೆ. ಆ ಗೀರು ನಿಮಗೆ ಇಷ್ಟ ಅನಿಸಿದರೆ ಬಿಳುಪು ತೆಗೆದು ಇನ್ನೆರಡು ಕೋಟ್ ಹೊಡೆದು ಮುಗಿಸಿ. ನನಗಂತೂ ಹೆಬ್ಬಲಸಿನ ಎಳೆ ಕೈಗೆ ಸಿಗುವ ಹಾಗಿದ್ದರೇ ಚೆಂದ. ಕನ್ನಡಿಯೇ ಬೇಕು ಅಂದರೆ ಈಗಿರುವುದನ್ನು ಥಿನ್ನರ್‌ನಲ್ಲಿ ಅದ್ದಿದ ಬಟ್ಟೆಯಿಂದ ಕರಗಿಸಿ ತೆಗೆಯಿರಿ. ಮತ್ತೆ ಬರಿ ಮರದಿಂದ ಶುರು.

120, 180, 220 ನಂಬರಿನ ಸ್ಯಾಂಡ್‌ಪೇಪರ್, ಹೀಗೆ ಎಳೆಯ ಉದ್ದಕ್ಕೆ ಉಜ್ಜಿ. ನಂತರ ಒದ್ದೆ ಬಟ್ಟೆಯಿಂದ ಒಮ್ಮೆ ಒರೆಸಿ ಒಣಗಲು ಬಿಡಿ. ಮುಟ್ಟಿ ನೋಡಿದರೆ ಎರಡು ದಿನ ಶೇವ್ ಮಾಡದ ಗಡ್ಡದ ಹಾಗೆ ಚುಚ್ಚುತ್ತದೆ. ಆ ಕೂದಲನ್ನು 220ರಲ್ಲಿ ಹಗುರವಾಗಿ ಬೋಳಿಸಿ. ಈಗ ರಾತ್ರಿ ದೀಪ ಆರಿಸಿ, ಮೊಬೈಲ್ ಟಾರ್ಚನ್ನು ಮರಕ್ಕೆ ಹೆಚ್ಚುಕಮ್ಮಿ ತಾಗಿಸಿ ಅಡ್ಡಡ್ಡ ಬೆಳಕು ಬಿಡಿ. ಹಗಲಲ್ಲಿ ನುಣ್ಣಗೆ ಕಂಡ ಬಾಡಿಯ ಮೇಲೆ ಹೊಲ ಉತ್ತ ಹಾಗೆ ಗೆರೆ ಕಾಣುತ್ತದೆ. ಲ್ಯಾಕರ್ ಅವನ್ನು ಮುಚ್ಚುವುದಿಲ್ಲ, ಭೂತಗನ್ನಡಿ ಹಿಡಿದು ತೋರಿಸುತ್ತದೆ. ಹೊಳಪಿನ ಮುಕ್ಕಾಲು ಪಾಲು ಕೆಲಸ ಮುಗಿಯುವುದು ಈ ಟಾರ್ಚಿನ ಬೆಳಕಿನಲ್ಲೇ.

ಆಮೇಲೆ ಮೇಣ ತೆಗೆದ ಅರಗನ್ನು ಸ್ಪಿರಿಟ್‌ನಲ್ಲಿ ಕರಗಿಸಿ ತೆಳ್ಳಗೆ ಒಂದು ಕೈ ಸವರಿ. ಅರಗು ಮರದ ಎಣ್ಣೆಯನ್ನು ಒಳಗೇ ತಡೆಯುತ್ತದೆ, ಮೇಲೆ ಯಾವ ಫಿನಿಷ್ ಬಂದರೂ ಹಿಡಿದುಕೊಳ್ಳುತ್ತದೆ. ಚನ್ನಪಟ್ಟಣದ ಬೊಂಬೆಗೆ ಹಚ್ಚುವುದೂ ಇದೇ ಅರಗು, ಅಲ್ಲಿ ಬಣ್ಣ ಬೆರೆಸಿ ಬಿಸಿಯಲ್ಲಿ ಹಚ್ಚುತ್ತಾರೆ. ಅದರ ಮೇಲೆ ವುಡ್ ಫಿಲ್ಲರ್, ಮರಕ್ಕಿಂತ ಅರ್ಧ ಶೇಡ್ ಕಪ್ಪಗಿರಲಿ. ಎಳೆಗೆ ಅಡ್ಡಡ್ಡ ಒತ್ತಿ ತುಂಬಿ, ಮೇಲೆ ಉಳಿದದ್ದನ್ನು ಗೋಣಿ ಬಟ್ಟೆಯಿಂದ ಅಡ್ಡಡ್ಡವೇ ಒರೆಸಿ. ಒಂದು ದಿನ ಬಿಟ್ಟು ಉಜ್ಜಿ. ಇನ್ನೊಂದು ಸಲ ತುಂಬಬೇಕಾಗುತ್ತದೆ, ಹೆಬ್ಬಲಸಿಗೆ ಒಂದು ಸಲ ಸಾಲದು. ಆಮೇಲೆ ಸ್ಯಾಂಡಿಂಗ್ ಸೀಲರ್ ಎರಡು ಕೋಟ್, ಅದನ್ನು 320ರಲ್ಲಿ ಸಮ ಮಾಡಿ.

ನೆಕ್ ಪಾಕೆಟ್‌ಗೆ ಒಂದು ಮರದ ಕೋಲು ಸ್ಕ್ರೂ ಹಾಕಿ, ಅದೇ ನಿಮಗೆ ಹಿಡಿ. ಪಾಕೆಟ್ ಒಳಗೆ ಟೇಪ್ ಹಾಕಿ, ಲ್ಯಾಕರ್ ಹೋದರೆ ನೆಕ್ ಕೂರುವುದಿಲ್ಲ. ದಿನಕ್ಕೆ ಮೂರು ತೆಳು ಕೋಟ್, ನಡುವೆ ಒಂದೆರಡು ಗಂಟೆ. ಮೂರು ದಿನದಲ್ಲಿ ಒಂಬತ್ತು ಕೋಟ್ ಆಯಿತು. ಎನ್‌ಸಿಯ ಹೊಸ ಕೋಟ್ ಹಳೆಯದನ್ನು ಕರಗಿಸಿ ಒಂದೇ ಪದರ ಆಗುತ್ತದೆ. ಅದಕ್ಕೇ ನಡುವೆ ಉಜ್ಜುವ ಗೋಜಿಲ್ಲ, ಸೋರಿದ್ದು ಧೂಳು ಕೂತದ್ದು ಮಾತ್ರ ತೆಗೆದರೆ ಸಾಕು. ಥಿನ್ನರ್ ಆವಿಗೆ ಬೆಂಕಿ ಹಿಡಿಯಲು ಒಂದು ಕಿಡಿ ಸಾಕು. ಕೆಲಸ ಶುರು ಮಾಡುವ ಮುಂಚೆ ಅಗರಬತ್ತಿ ಹಚ್ಚುವ ಅಭ್ಯಾಸ ಇದ್ದರೆ, ಅದು ಆರಿದ ಮೇಲೆ ಡಬ್ಬಿ ತೆರೆಯಿರಿ.

ಆಮೇಲೆ ಗೋಡೆಗೆ ನೇತುಹಾಕಿ ಮರೆತುಬಿಡಿ. ಮೂರು ವಾರ, ಸಾಧ್ಯವಾದರೆ ನಾಲ್ಕು. ಮುಟ್ಟಿದರೆ ಗಟ್ಟಿ ಅನಿಸುತ್ತದೆ, ಮೋಸ ಹೋಗಬೇಡಿ. ಮೂಗು ಹತ್ತಿರ ತಂದು ಉಸಿರೆಳೆಯಿರಿ. ಥಿನ್ನರ್ ವಾಸನೆ ಬಂದರೆ ಇನ್ನೂ ಆರುತ್ತಿದೆ, ಕುಗ್ಗುತ್ತಿದೆ ಅಂತ ಅರ್ಥ. ಈಗ ಪಾಲಿಶ್ ಮಾಡಿದರೆ ತಿಂಗಳಲ್ಲಿ ಮೇಲ್ಮೈ ಮತ್ತೆ ಗುಳಿ ಬೀಳುತ್ತದೆ.

ವಾಸನೆ ಹೋದ ಮೇಲೆ ವಾಟರ್ ಪೇಪರ್. 1000ದಲ್ಲಿ ಶುರು, ರಬ್ಬರ್ ತುಂಡಿಗೆ ಸುತ್ತಿ. ಬೆರಳಿನಿಂದ ಒತ್ತಿದರೆ ಬೆರಳಿನಷ್ಟೇ ಅಗಲದ ಹಳ್ಳ ಬೀಳುತ್ತದೆ. ಉಜ್ಜುವಾಗ ಹೊಳೆಯುವ ಚುಕ್ಕಿಗಳು ಉಳಿಯುತ್ತವೆ, ಅವು ತಗ್ಗು. ಎಲ್ಲಾ ಮಂಕಾಗುವವರೆಗೆ ಉಜ್ಜಿ, ನಂತರ 1500, 2000, ಕೊನೆಗೆ ಕಾರಿಗೆ ಹಾಕುವ ರಬ್ಬಿಂಗ್ ಕಾಂಪೌಂಡ್. ಎರಡು ಎಚ್ಚರಿಕೆ. ಇಡೀ ಲ್ಯಾಕರ್ ಪದರ ಮಿಲಿಮೀಟರಿನ ಹತ್ತರಲ್ಲಿ ಒಂದರ ಆಸುಪಾಸು, ಅಂಚುಗಳಲ್ಲಿ ಇನ್ನೂ ತೆಳು. ಕೊನೆಯವರೆಗೂ ಅಂಚಿಗೆ ಮಾಸ್ಕಿಂಗ್ ಟೇಪ್ ಇರಲಿ. ಇನ್ನೊಂದು, ಮತ್ತೆ ನೀರಿನದೇ: ಸ್ಕ್ರೂ ತೂತುಗಳ ಒಳಗೆ ನೀರು ಇಳಿದರೆ ಮರ ಉಬ್ಬಿ ಸುತ್ತ ಲ್ಯಾಕರ್ ಒಡೆಯುತ್ತದೆ. ತೂತುಗಳಿಗೆ ಮೇಣದ ಬತ್ತಿಯ ಮೇಣ ತುಂಬಿ, ಅಥವಾ ಅವುಗಳ ಹತ್ತಿರ ನೀರಿನ ಬದಲು ಟರ್ಪೆಂಟೈನ್ ಬಳಸಿ.

ಇಷ್ಟು ಕಾಯೋಕೆ ಆಗಲ್ಲ ಅಂದರೆ ಎಣ್ಣೆ-ಮೇಣದ ಫಿನಿಷ್ ಇದೆ. ಬಟ್ಟೆಯಿಂದ ಹಚ್ಚಿ, ಒರೆಸಿ, ಮಾರನೇ ದಿನ ಮತ್ತೆ. ವಾರದಲ್ಲಿ ಮುಗಿಯುತ್ತದೆ. ಕನ್ನಡಿ ಬರುವುದಿಲ್ಲ, ಆದರೆ ತಪ್ಪಾಗುವುದೂ ಇಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆಯ ಬಟ್ಟೆ ತಾನಾಗಿ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ತಂತಿ ಮೇಲೆ ಹರವಿ. ಅಂಗಡಿಯವರು ಎರಡು ಡಬ್ಬಿಯ ಪಿಯು (ಪಾಲಿಯುರೆಥೇನ್) ತಗೊಳ್ಳಿ ಅನ್ನಬಹುದು. ಗಟ್ಟಿಮುಟ್ಟು ನಿಜ, ಆದರೆ ಅದರ ಹಾರ್ಡನರ್‌ನಲ್ಲಿ ಐಸೊಸಯನೇಟ್ ಇದೆ, ಸ್ಪ್ರೇ ಮಾಡಿದ ಆವಿ ಶ್ವಾಸಕೋಶಕ್ಕೆ ಹೋದರೆ ಅಸ್ತಮಾ ಬರಬಹುದು. ಬಟ್ಟೆ ಮಾಸ್ಕ್‌ನಿಂದ ಏನೂ ಆಗದು. ಮನೆಯಲ್ಲಿ ಖಂಡಿತ ಬೇಡ. ನೆಕ್ ಹಿಂಭಾಗಕ್ಕೆ ಮಾತ್ರ ಎಲ್ಲರಿಗೂ ನಾನು ಹೇಳುವುದು ಎಣ್ಣೆಯೇ. ಕರಾವಳಿ ಬೆವರಿಗೆ ಹೊಳಪಿನ ನೆಕ್ ಕೈಗೆ ಅಂಟುತ್ತದೆ.

ಅಪ್ಪ ಹೇಳಿದ್ದು ಲೆಕ್ಕಕ್ಕೆ ಸರಿ ಇದೆ. ಬ್ರಿಡ್ಜ್, ಪಿಕಪ್, ಟ್ಯೂನರ್, ನೆಕ್, ಲ್ಯಾಕರ್, ಬಿಟ್‌ಗಳು ಎಲ್ಲಾ ಸೇರಿದರೆ ಅಂಗಡಿಯಲ್ಲಿ ಹೊಸಬರಿಗೆ ಸಿಗುವ ಕಲಿಕೆ ಗಿಟಾರಿಗಿಂತ ಜಾಸ್ತಿಯೇ ಆಗುತ್ತದೆ. ದುಡ್ಡು ಉಳಿಸಲು ಯಾರೂ ಗಿಟಾರ್ ಮಾಡುವುದಿಲ್ಲ. ಅವರ ಹತ್ತಿರ ವಾದಕ್ಕೆ ಹೋಗಬೇಡಿ, ಹಲಗೆ ತೂಗುವ ಭಾನುವಾರದ ಕೆಲಸ ಅವರಿಗೆ ಒಪ್ಪಿಸಿ.

ತಂತಿ ಹಾಕಿದ ಮೇಲೆ ಹನ್ನೆರಡನೇ ಫ್ರೆಟ್ ಮೇಲೆ ತಂತಿ ಎರಡು ಮಿಮೀ ಎತ್ತರಕ್ಕೆ ಇಟ್ಟುಕೊಂಡು ಶುರು ಮಾಡಿ, ಆಮೇಲೆ ನಿಧಾನವಾಗಿ ಇಳಿಸಿ. ಬೇಸಿಗೆಯಲ್ಲಿ ನೆಕ್ ಅಂಚಿಗೆ ಕೈ ಆಡಿಸಿದಾಗ ಫ್ರೆಟ್‌ಗಳ ತುದಿ ಚುಚ್ಚಿದರೆ ಗಾಬರಿಯಾಗಬೇಡಿ. ಫ್ರೆಟ್ ಬೆಳೆದಿಲ್ಲ, ಬೀಟೆ ಕುಗ್ಗಿದೆ. ಸಣ್ಣ ಅರ ತಗೊಂಡು ಆ ತುದಿಗಳನ್ನು ತೇಯ್ದು ಬಿಡಿ. ಮರುವರ್ಷ ಮತ್ತೆ ಚುಚ್ಚುವುದಿಲ್ಲ.